ಹಡಗು ಓಲಾಡುತ್ತದೋ, ತೊನೆಯುತ್ತದೋ?

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದವನು. ಕೆಲವು ವರ್ಷ ಪ್ರವಾಸಿ ಹಡಗಿನಲ್ಲಿ ವೇಟರ್ ಆಗಿದ್ದೆ. ಆ ದಿನಗಳ ಬಗ್ಗೆ ಬರೆಯುತ್ತಾ ಒಂದು ಪದಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ.

ಕಡಲಲ್ಲಿ ಹಡಗು ಮುಖ್ಯವಾಗಿ ಎರಡು ಥರ ಅಲುಗುತ್ತದೆ. ಎಡಕ್ಕೂ ಬಲಕ್ಕೂ ವಾಲಿದರೆ ರೋಲಿಂಗ್. ಮೂತಿ ಏರಿ ಹಿಂಭಾಗ ಇಳಿದು, ಮತ್ತೆ ಅದಲುಬದಲಾದರೆ ಪಿಚಿಂಗ್. ರೋಲಿಂಗ್ ತಗ್ಗಿಸಲು ನೀರಿನೊಳಗೆ ಎರಡೂ ಪಕ್ಕ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ. ಪಿಚಿಂಗ್‌ಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಬಡಿಸುವವನ ಕಾಲಿಗೇ ಈ ವ್ಯತ್ಯಾಸ ಗೊತ್ತಾಗುತ್ತದೆ. ಟ್ರೇ ಹೊತ್ತು ಗ್ಯಾಲಿಯಿಂದ, ಅಂದರೆ ಹಡಗಿನ ಅಡುಗೆಮನೆಯಿಂದ, ಹೊರಟರೆ ನಾಲ್ಕು ಹೆಜ್ಜೆ ದಿಬ್ಬ, ನಾಲ್ಕು ಹೆಜ್ಜೆ ಇಳಿಜಾರು!

ಅಂಥ ರಾತ್ರಿ ತಟ್ಟೆ ಜಾರದಿರಲಿ ಅಂತ ಮೇಜಿನ ಬಟ್ಟೆಗೆ ನೀರು ಚಿಮುಕಿಸುತ್ತಿದ್ದೆವು. ಒಮ್ಮೆ ಕೇಕಿನ ಗಾಲಿಬಂಡಿ ತಾನಾಗಿಯೇ ಹೊರಟುಬಿಟ್ಟಿತು. ಒಬ್ಬ ಅಜ್ಜ ಅದು ಹೋಗುವಾಗ ಒಂದು ಕೇಕ್ ಎತ್ತಿಕೊಂಡರು, ವಾಪಸ್ ಬರುವಾಗ ಇನ್ನೊಂದು. ಸುತ್ತಲಿನವರೆಲ್ಲ ಚಪ್ಪಾಳೆ ಹೊಡೆದರು. ಸೂಪ್ ಮಾತ್ರ ಬಟ್ಟೆ ಮೇಲೆ ತುಳುಕಿತು. ಚೆಲ್ಲಿತು ಅಂತ ನಾನು ಬರೆಯುವುದಿಲ್ಲ. ಚೆಲ್ಲುವುದು ಕೈ ತಪ್ಪಿದರೂ ಆಗುತ್ತದೆ. ತುಳುಕುವುದು ಅಲುಗಾಟದಿಂದಲೇ ಅಲ್ವಾ?

ಮಾರನೇ ದಿನ ಅಮ್ಮನಿಗೆ ಫೋನಿನಲ್ಲಿ, "ರಾತ್ರಿಯೆಲ್ಲ ತೂರಾಡ್ಕೊಂಡೇ ಬಡಿಸ್ದೆ ಕಣಮ್ಮ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕುಡಿಯೋದು ಯಾವಾಗ ಕಲ್ತೆ?" ಅಂತ ಕೇಳಿದರು. ನಮ್ಮ ಮನೆಯಲ್ಲಿ ಕುಡಿದವರು ಮಾತ್ರ ತೂರಾಡುತ್ತಾರೆ. ಎಲ್ಲ ಬಿಡಿಸಿ ಹೇಳಿದ ಮೇಲೆ ಅವರೇ, "ಬೇಲೂರು ತೇರು ಓಲಾಡ್ದಂಗೆ ಅನ್ನು" ಅಂದರು. ಎಷ್ಟು ಸರಿಯಾದ ಮಾತು! ತೇರು ಎಳೆಯುವಾಗ ಅದರ ತುದಿ ಆ ಪಕ್ಕ ಈ ಪಕ್ಕ ಹೋಗುವುದನ್ನು ನೋಡಿದವರಿಗೆ ರೋಲಿಂಗ್ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ. ಅದಕ್ಕೆ 'ಓಲಾಟ' ಅಂತಲೇ ಬರೆದಿದ್ದೇನೆ.

ಪಿಚಿಂಗ್‌ಗೆ ಮಾತ್ರ ಪದ ಸಿಕ್ಕಿಲ್ಲ. 'ತೊನೆ' ನನಗೆ ತುಂಬಾ ಇಷ್ಟ. ಆದರೆ ಗದ್ದೆಯ ತೆನೆ ತೊನೆಯುವುದು ಮೆಲ್ಲಗೆ. ಹಡಗಿನ ಮೂತಿ ಧೊಪ್ಪನೆ ಬೀಳುತ್ತದೆ. 'ಜೀಕು' ಅಂದರೆ ಉಯ್ಯಾಲೆ ಕಣ್ಣಿಗೆ ಬರುತ್ತದೆ. 'ಹೊಯ್ದಾಟ'ದಲ್ಲಿ ದಿಕ್ಕೇ ಗೊತ್ತಾಗುವುದಿಲ್ಲ.

ಮಲ್ಪೆ, ಹೊನ್ನಾವರದ ಕಡೆ ದೋಣಿಯ ಮೂತಿ ಹೀಗೆ ಏರಿ ಬೀಳುವುದಕ್ಕೆ ಏನಂತೀರಿ? ಮನೆಮಾತಿನ ಪದವಾದರೂ ಪರವಾಗಿಲ್ಲ, ತಿಳಿಸಿ.