ಸಹಾಯ ಬೇಕು: ಹಳೇ ಹ್ಯಾಂಡಿಕ್ಯಾಮ್ ವಿಡಿಯೋದಲ್ಲಿ ಚಿತ್ರ ಬರುತ್ತೆ, ಸೌಂಡ್ ಇಲ್ಲ

ಎಲ್ಲರಿಗೂ ನಮಸ್ಕಾರ. 2012ರಲ್ಲಿ ನಮ್ಮನೆ ಗೃಹಪ್ರವೇಶಕ್ಕೆ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದ ವಿಡಿಯೋಗಳು ಹಾರ್ಡ್ ಡಿಸ್ಕ್‌ನಲ್ಲಿ ಸಿಕ್ಕಿವೆ, ಎಲ್ಲಾ ಎಂಟಿಎಸ್ (ಹ್ಯಾಂಡಿಕ್ಯಾಮ್ ಉಳಿಸೋ ವಿಡಿಯೋ ಫಾರ್ಮ್ಯಾಟ್) ಫೈಲ್‌ಗಳು. ಲ್ಯಾಪ್‌ಟಾಪ್ ಜೊತೆ ಬಂದಿರೋ ಪ್ಲೇಯರ್‌ನಲ್ಲಿ ಹಾಕಿದರೆ ಚಿತ್ರ ಚೆನ್ನಾಗಿ ಓಡುತ್ತೆ, ಆದರೆ ಎಲ್ಲರೂ ಮೂಕಾಭಿನಯ ಮಾಡಿದ ಹಾಗೆ! ಸ್ಪೀಕರ್ ಸರಿ ಇದೆ, ಬೇರೆ ವಿಡಿಯೋಗಳಿಗೆ ಸೌಂಡ್ ಬರುತ್ತೆ.

ವಿಎಲ್‌ಸಿ ಅನ್ನೋ ಇನ್ನೊಂದು ಪ್ಲೇಯರ್‌ನಲ್ಲಿ ಹಾಕಿದರೆ ಮಾತ್ರ ಅಜ್ಜಿ ಹಾಡಿರೋ ಶೋಭಾನೆ ಪದ ಕೂಡ ಸ್ಪಷ್ಟವಾಗಿ ಕೇಳುತ್ತೆ. ಅಲ್ಲಿ ಕೋಡೆಕ್ (ಚಿತ್ರ, ಸೌಂಡ್ ಕುಗ್ಗಿಸಿ ಇಡೋ ವಿಧಾನ) ಮಾಹಿತಿ ನೋಡಿದೆ, ವಿಡಿಯೋ ಎಚ್.264, ಆಡಿಯೋ ಎಸಿ3 ಅಂತಿದೆ. ಅಂದರೆ ಫೈಲ್ ಹಾಳಾಗಿಲ್ಲ, ಲ್ಯಾಪ್‌ಟಾಪ್‌ನ ಪ್ಲೇಯರ್‌ಗೆ ಎಸಿ3 ಓದೋ ಡಿಕೋಡರ್ ಇಲ್ಲದ್ದೇ ಸಮಸ್ಯೆ ಅಲ್ವಾ?

ನನ್ನ ಕಷ್ಟ ಏನಂದ್ರೆ, ಅಪ್ಪನ ಷಷ್ಟ್ಯಬ್ದಿಗೆ ಇದನ್ನ ಎಡಿಟ್ ಮಾಡಬೇಕು, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಆಡಿಯೋ ಟ್ರ್ಯಾಕ್ ಬರ್ತಿಲ್ಲ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಬದಲಾಯಿಸೋ ಟೂಲ್‌ನಲ್ಲಿ ಚಿತ್ರವನ್ನ ಹಾಗೇ ಕಾಪಿ ಮಾಡಿ ಆಡಿಯೋ ಮಾತ್ರ ಎಎಸಿ ಅನ್ನೋ ಬೇರೆ ಆಡಿಯೋ ಕೋಡೆಕ್‌ಗೆ ಬದಲಾಯಿಸಬಹುದು ಅಂತ ಗೊತ್ತು, ಆದರೆ ಒಟ್ಟು 43 ಫೈಲ್ ಇವೆ. ಒಂದೇ ಸಲಕ್ಕೆ ಎಲ್ಲಾ ಮಾಡೋ ಕಮಾಂಡ್ ಯಾರಾದರೂ ಬರೆದುಕೊಡ್ತೀರಾ? ವಿಂಡೋಸ್ 11 ಇದೆ. ಸಿಕ್ಕಸಿಕ್ಕ ಸೈಟಿನಿಂದ ಕೋಡೆಕ್ ಪ್ಯಾಕ್ ಹಾಕ್ಕೋ ಅಂತ ಮಾತ್ರ ಹೇಳಬೇಡಿ, ಹಿಂದೊಮ್ಮೆ ಹಾಗೆ ಮಾಡಿ ವೈರಸ್ ತಂದುಕೊಂಡಿದ್ದೆ.