ಬೇಸಿಗೆ ರಜೆಗೆ ಮಗಳನ್ನು ಊರಿಗೆ ಕಳಿಸಲ್ಲ ಅಂತ ಅಮ್ಮನಿಗೆ ಹೇಗೆ ಹೇಳಲಿ?

ತೀರ್ಥಹಳ್ಳಿ ಹುಡುಗಿ:
ಮಗಳಿಗೆ ಏಳು ವರ್ಷ. ಏಪ್ರಿಲ್ ಬಂತು ಅಂದರೆ ಅಮ್ಮನ ಫೋನ್ ಶುರು. "ಮಗೂನ ಒಂದು ತಿಂಗಳು ಇಲ್ಲಿ ಬಿಡು, ಹಲಸಿನ ಹಣ್ಣು ತಿಂದ್ಕೊಂಡು ಇರ್ತಾಳೆ." ಮೂರು ವರ್ಷದಿಂದ ಈಜು ಕ್ಲಾಸು, ಜ್ವರ ಅಂತ ಸುಳ್ಳು ಹೇಳಿ ತಪ್ಪಿಸಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ.

ನನಗೆ ಒಂಬತ್ತು ವರ್ಷ ಇದ್ದಾಗ ಅದೇ ಮನೆಯಲ್ಲಿ ಅಮ್ಮನ ತಮ್ಮ, ನನ್ನ ಸೋದರಮಾವ, ನನ್ನನ್ನು ಅಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ಎರಡು ಬೇಸಿಗೆ. ಜಾಸ್ತಿ ಬರೆಯಲಾರೆ. ಅಲ್ಲಿ ಅಡಿಕೆ ಮೂಟೆ ಇರುತ್ತಿದ್ದವು. ಇವತ್ತಿಗೂ ಯಾರಾದರೂ ಎಲೆಅಡಿಕೆ ತಟ್ಟೆ ಮುಂದೆ ಹಿಡಿದರೆ ಹೊಟ್ಟೆ ತೊಳೆಸುತ್ತದೆ.

ಹನ್ನೆರಡನೇ ವಯಸ್ಸಿನಲ್ಲಿ ಹೇಳಲು ಹೋಗಿದ್ದೆ. "ಮಾವ ನಂಗೆ ಇಷ್ಟ ಇಲ್ಲ" ಅಂದೆ, ಅಷ್ಟೆ. "ಹಾಗೆಲ್ಲ ಅನ್ನಬಾರದು, ನಿಂಗೆ ಓಲೆ ಮಾಡಿಸಿಕೊಟ್ಟಿದ್ದು ಅವನೇ ಅಲ್ವಾ" ಅಂದಳು ಅಮ್ಮ. ಆಮೇಲೆ ಇಪ್ಪತ್ತೆರಡು ವರ್ಷ ಬಾಯಿ ಬಿಡಲಿಲ್ಲ. ಹೋದ ತಿಂಗಳು ನನ್ನ ಗಂಡನಿಗೆ ಹೇಳಿದೆ, ಅವರೊಬ್ಬರಿಗೇ.

ಅಪ್ಪ ಹೋದ ಮೇಲೆ ಅಮ್ಮ ಇರುವುದೂ ಮಾವನ ಜೊತೆಗೇ. ಅವಳಿಗೆ ಬಿಪಿ ಬೇರೆ. ಹೇಗೆ ಹೇಳಲಿ?

ಇಬ್ಬರ ತಾಯಿ:
ನನ್ನ ಮಗಳು ಇಂಥದ್ದೇ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು "ಆಗಲೇ ಯಾಕೆ ಹೇಳಲಿಲ್ಲ?" ಮೂರು ವಾರ ಅವಳು ಫೋನ್ ಎತ್ತಲಿಲ್ಲ. ನನಗೆ ಸಿಟ್ಟು ಅವಳ ಮೇಲೆ ಇರಲಿಲ್ಲಮ್ಮ. ನಾನು ಅಡುಗೆಮನೆಯಲ್ಲಿ ಒಲೆ ಮುಂದೆ ನಿಂತಿದ್ದಾಗ ಪಕ್ಕದ ಕೋಣೆಯಲ್ಲೇ ಆಯಿತಲ್ಲ, ಅದನ್ನು ತಾಳಲು ಆಗಲಿಲ್ಲ. ನಿಮ್ಮ ಅಮ್ಮನೂ ಮೊದಲ ದಿನ ತಪ್ಪು ಮಾತು ಆಡಬಹುದು. ಅದೇ ಕೊನೆಯ ಮಾತು ಅಂದುಕೊಳ್ಳಬೇಡಿ.

ಫೋನಿನಲ್ಲಿ ಮಾತ್ರ ಬೇಡ, ಅವನು ಅಲ್ಲೇ ಇರುತ್ತಾನೆ. ಅಮ್ಮನನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಿ.

ನಾಗರಬಾವಿ:
ನಾನು ಗಂಡಸು. ನನಗೂ ಆಗಿದೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿತ್ತು. ಲೈಂಗಿಕ ದೌರ್ಜನ್ಯ ಆಗಿದೆ ಅಂದವರು ಅರ್ಧಕ್ಕಿಂತ ಜಾಸ್ತಿ, ಅವರಲ್ಲಿ ಗಂಡುಮಕ್ಕಳೇ ಸ್ವಲ್ಪ ಹೆಚ್ಚು. ಅದನ್ನು ಓದಿದ ದಿನ ಬಸ್ ಸ್ಟಾಪಿನಲ್ಲೇ ಅತ್ತುಬಿಟ್ಟೆ. ಇಷ್ಟು ವರ್ಷ ನಾನೊಬ್ಬನೇ ಅಂದುಕೊಂಡಿದ್ದೆ.

ಅಮ್ಮನಿಗೆ ಹೇಳುವ ಮುಂಚೆ ಯಾರ ಹತ್ತಿರವಾದರೂ ಮಾತಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ರಾತ್ರಿ ಎರಡು ಗಂಟೆಗೆ ಮಾಡಿದ್ದೆ.

ವಕೀಲೆ, ಶಿವಮೊಗ್ಗ:
ಒಂದು ಪ್ರಶ್ನೆ. ಆ ಮನೆಗೆ ಈಗ ಬೇರೆ ಮಕ್ಕಳು ಬರುತ್ತಾರಾ? ಯಾವ ಮಗುವಿನ ಬಗ್ಗೆಯಾದರೂ ಅನುಮಾನ ಇದ್ದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಜಾರಿಯಾಗಿದ್ದು 2012ರ ನವೆಂಬರ್ 14ಕ್ಕೆ, ನಿಮ್ಮದು ಅದಕ್ಕೂ ಹಿಂದಿನದು. ಹಳೆಯ ದಂಡಸಂಹಿತೆಯಲ್ಲಿ ನೋಡಬೇಕಾಗುತ್ತದೆ. ದೂರು ಕೊಡುವುದು, ಬಿಡುವುದು ನಿಮ್ಮ ತೀರ್ಮಾನ. ಯಾರ ಒತ್ತಾಯಕ್ಕೂ ಮಣಿಯಬೇಡಿ.

ತೀರ್ಥಹಳ್ಳಿ ಹುಡುಗಿ:
ಅಮ್ಮ ಬಂದಿದ್ದಾಳೆ. ನಿನ್ನೆ ಅವರೆಕಾಯಿ ಸುಲಿಯುತ್ತಾ ಹೇಳಿದೆ. "ಆ ಮನೆಯಲ್ಲಿ ಮಾವ ನನ್ನನ್ನು ಮುಟ್ಟಬಾರದ ಹಾಗೆ ಮುಟ್ಟಿದ" ಅಂತ, ಒಂದೇ ವಾಕ್ಯ. ಅಮ್ಮನ ಕೈ ನಿಂತಿತು. ತುಂಬಾ ಹೊತ್ತಿನ ಮೇಲೆ "ಅಟ್ಟದಲ್ಲಾ?" ಅಂದಳು.

ನಾನು ಅಟ್ಟ ಅಂತ ಹೇಳಿರಲೇ ಇಲ್ಲ.

ಅವಳಿಗೆ ಎಷ್ಟು ಗೊತ್ತಿತ್ತು ಅಂತ ಕೇಳಬೇಕು, ಇನ್ನೂ ಕೇಳಿಲ್ಲ. ಇವತ್ತು ಬೆಳಿಗ್ಗೆ ಭಾನುವಾರದ ಬಸ್ ಟಿಕೆಟ್ ಕ್ಯಾನ್ಸಲ್ ಮಾಡು ಅಂದಳು. ಮಾಡಿದೆ. ಮಾವನ ಮೊಮ್ಮಕ್ಕಳು ಮುಂದಿನ ವಾರ ಊರಿಗೆ ಬರುತ್ತಾರಂತೆ. ಅವರ ತಾಯಿಯ ನಂಬರ್ ಅಮ್ಮನ ಹತ್ತಿರ ಇದೆ.