ನಕ್ಷತ್ರ ಎಲ್ಲಿ ಮಾರಾಯ?

ಭಾನುವಾರ ಸಂಜೆ, ಹಾಸನದಲ್ಲಿ ನಮ್ಮ ಮಾಮೂಲಿ ಟೀ ಅಂಗಡಿ. ಮಂಜ ಪ್ಯಾಂಟು ಮಡಚಿಕೊಂಡು ಮೀನಖಂಡ ಒತ್ತಿಕೊಳ್ಳುತ್ತಿದ್ದ. ಬೆಳಿಗ್ಗೆ ಸಕಲೇಶಪುರದ ಆಚೆ, ನಕ್ಷತ್ರದ ಆಕಾರದಲ್ಲಿ ಕಟ್ಟಿದ ಮಂಜರಾಬಾದ್ ಕೋಟೆ ಹತ್ತಿ ಬಂದಿದ್ದನಂತೆ.

"ಹತ್ತತ್ರ 250 ಮೆಟ್ಟಿಲು ಕಣ್ರೋ! ಹತ್ತಿ ನೋಡಿದ್ರೆ ನಕ್ಷತ್ರಾನೇ ಇಲ್ಲ. ಬರೀ ಗೋಡೆ."

"ಎಂಟು ಮೂಲೆ ಎಣಿಸಿದ್ಯಾ?" ಅಂದ ಸೀನ.

"ಐದರವರೆಗೆ ಎಣಿಸಿದೆ. ಅಷ್ಟರಲ್ಲಿ ಮನೆಯಿಂದ ಫೋನ್ ಬಂತು."

ಪಾಪ, ಅವನ ತಪ್ಪೂ ಅಲ್ಲ. ಡ್ರೋನ್ ಫೋಟೋ ನೋಡಿ ಹೋಗುವವರ ಕತೆಯೆಲ್ಲ ಹೀಗೇ. ಆ ಆಕಾರ ಕಾಣಬೇಕಾದರೆ ಹದ್ದಾಗಿ ಹುಟ್ಟಬೇಕು. ಅದೂ ಮಂಜು ಇಲ್ಲದ ದಿನ. ಮಂಜು ಕವಿಯುವುದಕ್ಕೇ ಆ ಹೆಸರು ಬಂತು ಅನ್ನುತ್ತಾರೆ. ನಮ್ಮ ಮಂಜ ಮಾತ್ರ ತನ್ನ ಹೆಸರೇ ಇಟ್ಟಿದ್ದಾರೆ ಅಂತ ಮೊದಲಿಂದ ನಂಬಿದ್ದಾನೆ.

ಮೇಷ್ಟ್ರು ಸುಮ್ನೆ ಇರುವವರಲ್ಲ. ಅಂಗಡಿಯವನ ಬೆಂಕಿಪೊಟ್ಟಣ ಎತ್ತಿಕೊಂಡು, 16 ಕಡ್ಡಿ ಎಣಿಸಿ ಟೇಬಲ್ ಮೇಲೆ ನಕ್ಷತ್ರ ಜೋಡಿಸಿದರು.

"ಟಿಪ್ಪು ಕಟ್ಟಿಸಿದ್ದು 1792ರಲ್ಲಿ. ಅರ್ಧ ರಾಜ್ಯ ಕೈಬಿಟ್ಟ ವರ್ಷ ಅದು. ಫ್ರೆಂಚರ ಮಾದರಿ. ನೆಟ್ಟಗಿನ ಗೋಡೆಯಾದ್ರೆ ಶತ್ರು ಬುಡಕ್ಕೆ ಬಂದು ಅಂಟಿಕೊಂಡ್ಬಿಡ್ತಾನೆ, ಮೇಲಿದ್ದವನಿಗೆ ಕಾಣಲ್ಲ. ಹೀಗೆ ಮೂಲೆ ಚಾಚಿದ್ರೆ ಈ ಕಡೆಯವನೂ ಹೊಡೀಬಹುದು, ಆ ಕಡೆಯವನೂ ಹೊಡೀಬಹುದು."

"ಬಾಗಿಲು ಎಲ್ಲಿ ಮೇಷ್ಟ್ರೇ?"

ಮೇಷ್ಟ್ರು ಒಂದು ಕಡ್ಡಿ ತೆಗೆದರು.

"ಈಗ ಶತ್ರು ಅಲ್ಲಿಂದ್ಲೇ ನುಗ್ಗಲ್ವಾ?" ಅಂದ ಸೀನ.

"ಅದಕ್ಕೇ ಹಳೇ ಕಾಲದವರು ಬಾಗಿಲಿಗೇ ಜಾಸ್ತಿ ತಲೆ ಕೆಡಿಸ್ಕೊಳ್ತಿದ್ರು. ಚಿತ್ರದುರ್ಗದಲ್ಲಿ ನೋಡು, ದಾರಿ ಹಾವಿನ ಹಾಗೆ ತಿರುಗುತ್ತೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದೋಣ ಅಂದ್ರೆ ಜಾಗಾನೇ ಸಿಗಲ್ಲ."

"ನನಗೂ ಅದೇ ಆಗಿದ್ದು. ಓಡೋಕೆ ಆಗ್ಲೇ ಇಲ್ಲ," ಅಂದ ಮಂಜ.

"ನಿನಗೆ ದಾರಿ ಅಡ್ಡ ಬಂದಿಲ್ಲ, ಹೊಟ್ಟೆ ಅಡ್ಡ ಬಂದಿದೆ. ಅದಿರ್ಲಿ, ಬಾಗಿಲ ಒಳಗೆ ನಿಂತು ತಲೆ ಎತ್ತಿ ನೋಡಿದ್ಯಾ? ಚಾವಣಿಯಲ್ಲೇ ಕೋಟೆಯ ನಕ್ಷೆ ಇದೆ. ನಕ್ಷತ್ರ ಕಾಣೋಕೆ ಇನ್ನೆಲ್ಲೂ ಹೋಗ್ಬೇಕಾಗಿಲ್ಲ."

ಮಂಜ ಗಾಬರಿಯಿಂದ ಫೋನ್ ತೆಗೆದ. ಬಾಗಿಲ ಕಮಾನಿನಲ್ಲಿ ನಲವತ್ತು ಫೋಟೋ. ನಲವತ್ತರಲ್ಲೂ ಇವನೇ. ಒಂದನ್ನು ಮಾತ್ರ ಭಾವಮೈದುನ ನೆಲದಲ್ಲಿ ಕೂತು ಮೇಲ್ಮುಖವಾಗಿ ತೆಗೆದಿದ್ದ. ಸೀನ ಎರಡು ಬೆರಳಿಟ್ಟು ದೊಡ್ಡದು ಮಾಡಿದ. ಮಂಜನ ಕಿವಿಯ ಮೇಲೆ ಚೂಪಾಗಿ ಒಂದು ಮೂಲೆ, ಥೇಟ್ ಕೊಂಬಿನ ಹಾಗೆ.

"ಸಿಕ್ತು ನಕ್ಷತ್ರ!"

"ಇನ್ನು ಏಳು ಮೂಲೆ ಎಲ್ಲೋ?"

"ನಿನ್ನ ತಲೆ ಹಿಂದೆ."

ಅಷ್ಟರಲ್ಲಿ ಅಂಗಡಿಯವನು ಬಂದು, ಕೋಟೆಯನ್ನು ಗುಡಿಸಿ ಮತ್ತೆ ಪೊಟ್ಟಣಕ್ಕೆ ತುಂಬಿಕೊಂಡ. ಎಣಿಸಿದ. "ಒಂದು ಕಡ್ಡಿ ಕಮ್ಮಿ ಇದೆ ಮೇಷ್ಟ್ರೇ."

ಬಾಗಿಲು ಮೇಷ್ಟ್ರ ಬಾಯಲ್ಲಿತ್ತು. ಹಲ್ಲು ಚುಚ್ಚಿಕೊಳ್ಳುತ್ತಿದ್ದರು.